ಶಾಲೆ ಲಸಿಕೆ ಕಾರ್ಡ್ ಕೇಳಿದಾಗ, ವೈದ್ಯರು ‘ಈಗ ಬೇಡ’ ಎಂದಾಗ

ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಹೋದ ಕುಟುಂಬಗಳು ಊರಿಗೆ ಮರಳಿ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಲಸಿಕೆಯ ಪ್ರಶ್ನೆ ಏಳುತ್ತದೆ. ಲಸಿಕೆಗಳ ವಿವರ ಬರೆದ ತಾಯಿ ಕಾರ್ಡ್ ಬೆಂಗಳೂರಿನ ಶೆಡ್ಡಿನಲ್ಲೋ ಪುಣೆಯಲ್ಲೋ ಉಳಿದಿರುತ್ತದೆ.

ಮೊದಲು ಕಾನೂನು ತಿಳಿದುಕೊಳ್ಳಿ. ಮಕ್ಕಳಿಗೆ ಲಸಿಕೆ ಹಾಕಿಸದ ಪಾಲಕರಿಗೆ ದಂಡ ವಿಧಿಸುವ ಕೇಂದ್ರ ಕಾಯ್ದೆ ಇಂದು ಇಲ್ಲ. ಸಿಡುಬಿಗಾಗಿ ಬಂದಿದ್ದ 1880ರ ಲಸಿಕೆ ಕಾಯ್ದೆ 2001ರಲ್ಲಿ ರದ್ದಾಯಿತು. ಕೋವಿಡ್ ಲಸಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಎಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಸಮಂಜಸ ನಿರ್ಬಂಧ ಹೇರಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಬಲವಂತ ಇಲ್ಲ ಎಂಬುದನ್ನು ಲಸಿಕೆ ಬಿಡಲು ಸಿಕ್ಕ ಅನುಮತಿ ಎಂದು ಓದಬೇಡಿ. ದಡಾರವೇನೂ ಕಾಯ್ದೆ ನೋಡಿ ಬರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವಿನ ದಾಖಲಾತಿಗೆ ಲಸಿಕೆ ಕಾರ್ಡ್ ಷರತ್ತಲ್ಲ. ಶಾಲೆ ಕೇಳಬಹುದು, ಕೊಡುವುದು ಒಳ್ಳೆಯದು. ಕಾರ್ಡ್ ಇಲ್ಲವೆಂದು ವಾಪಸ್ ಕಳಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ದೂರು ತೀರ್ಮಾನಿಸಬೇಕು.

ಕಾರ್ಡ್ ಕಳೆದಿದ್ದರೆ

ಉಪಕೇಂದ್ರದ ಸಿಸ್ಟರ್ ಬಳಿ ರಿಜಿಸ್ಟರ್ ಇರುತ್ತದೆ. ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ದಾಖಲಾಗಿದ್ದರೆ, ನೋಂದಣಿಗೆ ಕೊಟ್ಟ ಮೊಬೈಲ್ ನಂಬರಿನಿಂದ ಪ್ರಮಾಣಪತ್ರ ತೆಗೆಯಬಹುದು. ಸಿಮ್ ಬದಲಿಸಿದವರು ಹಳೆಯ ನಂಬರನ್ನೇ ಹೇಳಬೇಕು. ಬಹಳ ಮಂದಿ ಎಡವುವುದು ಇಲ್ಲೇ.

ಎರಡು ಡೋಸ್ ಆಗಿ ನಿಂತಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಕ್ಷಯ ತಡೆಯುವ ಬಿಸಿಜಿಗೆ 1 ವರ್ಷದ ಗಡಿ ಇದೆ. ಐದು ರೋಗ ತಡೆಯುವ ಪೆಂಟಾವೇಲೆಂಟ್ ಒಂದೂ ಆಗದೆ ವರ್ಷ ದಾಟಿದ ಮಗುವಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಕೊಡುತ್ತಾರೆ. ದಡಾರ-ರುಬೆಲ್ಲಾದ ಎಂಆರ್ ಲಸಿಕೆ 5 ವರ್ಷದವರೆಗೂ ಉಚಿತ. ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಇರಲಿ. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ತೀವ್ರ ಅಲರ್ಜಿ ಆಗುವುದಾದರೆ ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಕಾಣುತ್ತದೆ.

ವೈದ್ಯಕೀಯ ವಿನಾಯಿತಿ

ಕಡ್ಡಾಯದ ಕಾಯ್ದೆಯೇ ಇಲ್ಲದ್ದರಿಂದ ವಿನಾಯಿತಿಗೆ ಕಾನೂನು ನಿಗದಿಪಡಿಸಿದ ಫಾರಂ ಕೂಡ ಇಲ್ಲ. ವೈದ್ಯರ ಪತ್ರವೇ ಆಧಾರ. ‘ಈ ಮಗುವಿಗೆ ಲಸಿಕೆ ಬೇಡ’ ಎಂಬ ಒಂದು ಸಾಲಿನ ಚೀಟಿ ಮಾತ್ರ ಪ್ರಯೋಜನಕ್ಕೆ ಬಾರದು. ಯಾವ ಲಸಿಕೆ ಬೇಡ, ಯಾವ ಕಾರಣಕ್ಕೆ, ಯಾವ ದಿನಾಂಕದವರೆಗೆ ಎಂಬ ಮೂರೂ ಬರೆದು, ವೈದ್ಯರ ನೋಂದಣಿ ಸಂಖ್ಯೆ ಮತ್ತು ಸಹಿ ಇರಬೇಕು.

ಹಿಂದಿನ ಡೋಸ್‌ಗೆ ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವಂಥ ತೀವ್ರ ಅಲರ್ಜಿ ಆಗಿದ್ದರೆ ಆ ಲಸಿಕೆ ಮತ್ತೆ ಬೇಡ. ಕರುಳು ಒಂದರೊಳಗೊಂದು ಸೇರಿಕೊಂಡ ತೊಂದರೆ ಹಿಂದೆ ಆಗಿದ್ದ ಮಗುವಿಗೆ ಭೇದಿ ತಡೆಯುವ ರೋಟಾ ಹನಿ ಬೇಡ. ರೋಗನಿರೋಧಕ ಶಕ್ತಿ ತೀವ್ರವಾಗಿ ಕುಗ್ಗಿದ್ದರೆ ಬಿಸಿಜಿ, ಎಂಆರ್‌ನಂಥ ಜೀವಂತ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವ) ಲಸಿಕೆ ಕೊಡುವಂತಿಲ್ಲ, ಪೆಂಟಾವೇಲೆಂಟ್ ಕೊಡಬಹುದು. ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ 14 ದಿನ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟಿದ್ದರೆ, ನಿಲ್ಲಿಸಿದ ಮೇಲೆ ಕನಿಷ್ಠ 1 ತಿಂಗಳು ಬಿಟ್ಟು ಎಂಆರ್. ಹೀಗೆ ಒಂದು ಲಸಿಕೆಗೆ ಸಿಕ್ಕ ವಿನಾಯಿತಿ ಉಳಿದವುಗಳಿಗೆ ಅನ್ವಯಿಸದು.

ನೆಗಡಿ, ಸಣ್ಣ ಜ್ವರ, ತೂಕ ಕಡಿಮೆ ಇರುವುದು ಕಾರಣವೇ ಅಲ್ಲ. ಸೊರಗಿದ ಮಗುವಿಗೆ ದಡಾರ ಬಂದರೆ ಪ್ರಾಣಕ್ಕೇ ಕುತ್ತು, ಅದಕ್ಕೆ ಲಸಿಕೆ ಮೊದಲು ಬೇಕು. ‘ಹಲ್ಲು ಬರುತ್ತಿದೆ, ಮುಂದಿನ ವಾರ ನೋಡೋಣ’ ಎಂದು ಬಿಟ್ಟ ವಾರಗಳೇ ಮುಂದೆ ಗುಳೆಯಲ್ಲಿ ಕಳೆದುಹೋಗುತ್ತವೆ.

ಅನುಮಾನ ಇದ್ದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹಳೆಯ ಚೀಟಿಗಳ ಸಮೇತ ತೋರಿಸಿ. ಪತ್ರದ ಒಂದು ನಕಲು ಶಾಲೆಗೆ, ಒಂದು ಸಿಸ್ಟರ್‌ಗೆ ಕೊಟ್ಟು, ಮೂಲ ಪ್ರತಿಯನ್ನು ತಾಯಿ ಕಾರ್ಡಿಗೆ ಪಿನ್ ಹಾಕಿಡಿ. ಅದರಲ್ಲಿ ಬರೆದ ದಿನಾಂಕ ಮುಗಿದ ಮೇಲೆ ಬರುವ ಮೊದಲ ಲಸಿಕಾ ದಿನವೇ ಬಾಕಿ ಡೋಸ್ ಹಾಕಿಸಿ.