ಮನಿಲಾದಲ್ಲಿ ಜೀಪ್ನಿ ಹತ್ತುವುದು ಹೇಗೆ, ಯಾವಾಗ ಹತ್ತಬಾರದು

ಅಣ್ಣನ ಮಗಳು ಮೆಡಿಕಲ್ ಓದಲಿಕ್ಕೆ ಫಿಲಿಪೈನ್ಸಿನ ಮನಿಲಾಗೆ ಹೊರಟಿದ್ದಾಳೆ. ಹೋದ ವಾರ ಕುಮಟಾದ ಮನೆಯಲ್ಲಿ ಊಟಕ್ಕೆ ಕೂತಾಗ ಫೀಸು, ಹಾಸ್ಟೆಲ್ಲು, ವೀಸಾ ಅಂತ ಎಲ್ಲರೂ ಮಾತಾಡುತ್ತಿದ್ದರು. ಅವಳು ಮಾತ್ರ ನನ್ನ ಕಡೆ ತಿರುಗಿ, "ಚಿಕ್ಕಪ್ಪ, ಅಲ್ಲಿ ದಿನಾ ಓಡಾಡೋದು ಹೇಗೆ?" ಅಂತ ಕೇಳಿದಳು. ನಾನು ಎರಡು ವರ್ಷ ಅಲ್ಲಿ ಕೆಲಸ ಮಾಡಿದವನು, ಹೆಚ್ಚು ಕಡಿಮೆ ದಿನಾ ಜೀಪ್ನಿಯಲ್ಲೇ, ಅಂದರೆ ಜನರನ್ನು ಸಾಗಿಸುವ ಅಲ್ಲಿನ ಉದ್ದನೆಯ ಜೀಪಿನಲ್ಲೇ ಓಡಾಡಿದವನು. ಊಟದ ಮಧ್ಯೆ ಹೇಳಿ ಮುಗಿಯುವ ವಿಷಯ ಅಲ್ಲ ಇದು, ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಮ್ಮ ಕರಾವಳಿಯಿಂದ ಓದಲಿಕ್ಕೋ ಕೆಲಸಕ್ಕೋ ಆ ಕಡೆ ಹೋಗುವ ಬೇರೆಯವರಿಗೂ ಉಪಯೋಗ ಆದರೆ ಒಳ್ಳೆಯದೇ.

ಹೊನ್ನಾವರ–ಕುಮಟಾ ಟೆಂಪೋ ಹತ್ತಿ ಗೊತ್ತಿದ್ದರೆ ಜೀಪ್ನಿ ಅರ್ಧ ಗೊತ್ತಿದ್ದ ಹಾಗೆ. ಕೈ ತೋರಿಸಿದಲ್ಲಿ ನಿಲ್ಲುತ್ತದೆ. ತುಂಬಿದೆ ಅಂದುಕೊಂಡ ಮೇಲೂ ಇನ್ನೊಬ್ಬರಿಗೆ ಜಾಗ ಆಗುತ್ತದೆ. ಬಾಕಿ ಅರ್ಧ ಬೇರೆಯೇ. ಅಲ್ಲಿ ಬಾಗಿಲಲ್ಲಿ ನಿಂತು ದುಡ್ಡು ಇಸಕೊಳ್ಳುವ ಹುಡುಗ ಇರುವುದಿಲ್ಲ. ಡ್ರೈವರ್ ಒಬ್ಬನೇ. ಟಿಕೆಟ್ ಇಲ್ಲ, ಲೆಕ್ಕ ಇಡುವವರಿಲ್ಲ. ಕಂಡಕ್ಟರ್ ಮಾಡಬೇಕಾದ ಕೆಲಸವನ್ನು ಕೂತವರೇ ಹಂಚಿಕೊಂಡು ಮಾಡುತ್ತಾರೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗುತ್ತದೆ.

ಈ ಗಾಡಿ ಹುಟ್ಟಿದ್ದು ಯುದ್ಧದಿಂದ. 1945ರಲ್ಲಿ ಮನಿಲಾ ಊರು ಯುದ್ಧದಲ್ಲಿ ನೆಲಕಚ್ಚಿತು, ಅಲ್ಲಿ ಮೊದಲು ಓಡುತ್ತಿದ್ದ ಟ್ರಾಮ್ ಕೂಡ ಹಾಳಾಯಿತು. ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳು ಮಾತ್ರ ಬೇಕಾದಷ್ಟು ಉಳಿದವು. ಜನ ಅವನ್ನು ಕೊಂಡು, ಹಿಂದೆ ಉದ್ದ ಮಾಡಿ, ತಗಡಿನ ಮಾಡು ಹಾಕಿ, ಎದುರುಬದುರಾಗಿ ಎರಡು ಉದ್ದ ಬೆಂಚು ಕೂರಿಸಿದರು. ಆಮೇಲೆ ಹೊಸದಾಗಿ ಕಟ್ಟುವ ವರ್ಕ್‌ಶಾಪುಗಳೇ ಬಂದವು, ಮನಿಲಾ ಪಕ್ಕದ ಲಾಸ್ ಪಿನ್ಯಾಸ್‌ನಲ್ಲಿ 1953ರಲ್ಲಿ ಶುರುವಾದ ಸರಾವ್ ಮೋಟರ್ಸ್ ಅದರಲ್ಲಿ ಹೆಸರುವಾಸಿ. ಬಾನೆಟ್ ಮೇಲೆ ಹೊಳೆಯುವ ಕುದುರೆ, ಪಕ್ಕದಲ್ಲಿ ಏಸು, ಮೇರಿ, ಮಕ್ಕಳ ಹೆಸರು, ಬಣ್ಣ ಬಣ್ಣದ ಚಿತ್ರ. ನಮ್ಮಲ್ಲಿ ಲಾರಿಗೆ ಬಣ್ಣ ಹೊಡೆಸಿ ದೇವರ ಹೆಸರು ಬರೆಸುವುದಿಲ್ವಾ, ಅದೇ ಪ್ರೀತಿ.

ಹತ್ತುವ ಮೊದಲು

ಮುಂದಿನ ಗಾಜಿನಲ್ಲಿ ಒಂದು ಬೋರ್ಡ್ ಇರುತ್ತದೆ. ಕ್ಯಾಪೊ, ಕುಬಾವ್, ದಿವಿಸೋರಿಯಾ, ಬಕ್ಲಾರನ್ ಅಂತ ಹೋಗುವ ಜಾಗದ ಹೆಸರು. ಗಾಡಿಯ ಪಕ್ಕದಲ್ಲೂ ರೂಟ್ ಬರೆದಿರುತ್ತದೆ. ಆದರೆ ಒಂದೇ ಜಾಗಕ್ಕೆ ಹೋಗುವ ಎರಡು ಜೀಪ್ನಿ ಎರಡು ಬೇರೆ ರಸ್ತೆಯಲ್ಲಿ ಹೋಗಬಹುದು. ಆದ್ದರಿಂದ ಬೋರ್ಡಿನಲ್ಲಿ ಕೊನೆಯ ಊರು ಒಂದನ್ನೇ ನೋಡಿ ಹತ್ತಬೇಡಿ, ಮಧ್ಯದ ಹೆಸರುಗಳನ್ನೂ ಓದಿ. ಸಂಶಯ ಇದ್ದರೆ ಹತ್ತುವ ಮೊದಲೇ ಡ್ರೈವರ್ ಹತ್ತಿರ ನೀವು ಇಳಿಯಬೇಕಾದ ಜಾಗದ ಹೆಸರು ಹೇಳಿ ಕೇಳಿ. ಅವರನ್ನು "ಕುಯಾ" ಅಂತ ಕರೆಯಬೇಕು, ಅಂದರೆ ಅಣ್ಣ. ಹೆಂಗಸರಿಗೆ "ಆತೆ", ಅಕ್ಕ. ಮಾತಿನ ಕೊನೆಗೆ ಒಂದು "ಪೊ" ಸೇರಿಸಿದರೆ ಮರ್ಯಾದೆ ಕೊಟ್ಟ ಹಾಗೆ. ನಮ್ಮ "ರೀ" ಇದ್ದ ಹಾಗೆ ಅದು. ಇಷ್ಟು ಕಲಿತರೆ ಆ ಊರಿನ ಜನ ನಿಮಗೆ ದಾರಿ ತೋರಿಸಲಿಕ್ಕೆ ತಾವಾಗೇ ಮುಂದೆ ಬರುತ್ತಾರೆ.

ಅದೇ ದೇಶದ ಇನ್ನೊಂದು ದೊಡ್ಡ ಊರು ಸೆಬುಗೆ ಹೋಗುವವರಿಗೆ ಒಂದು ಮಾತು: ಅಲ್ಲಿ ಊರಿನ ಹೆಸರಿನ ಜೊತೆ 04ಎಲ್, 17ಬಿ ಅಂಥ ಕೋಡ್ ಇರುತ್ತದೆ. ಅದನ್ನೇ ನೆನಪಿಟ್ಟುಕೊಂಡರೆ ಸಾಕು.

ಹತ್ತುವುದು ಹಿಂದಿನಿಂದ. ಮಾಡು ತಗ್ಗು, ಬಗ್ಗಿಯೇ ಒಳಗೆ ಹೋಗಬೇಕು, ನೆಟ್ಟಗೆ ನಿಲ್ಲಲಿಕ್ಕೆ ಆಗುವುದಿಲ್ಲ. ಬೆಂಚಿನ ಒಂದು ಬದಿಗೆ ಒಂಬತ್ತು, ಹತ್ತು ಜನ ಅಂತ ಲೆಕ್ಕ. ಜಾಗ ಕಾಣದಿದ್ದರೂ ನೀವು ಬಗ್ಗಿ ನಿಂತರೆ ಎಲ್ಲರೂ ಒಂದೊಂದು ಇಂಚು ಸರಿಯುತ್ತಾರೆ. ಹೊಸಬರು ಡ್ರೈವರ್ ಹಿಂದೆಯೇ ಕೂರುವುದು ಒಳ್ಳೆಯದು ಅಂತ ನನ್ನ ಸಲಹೆ. ದಾರಿ ಕೇಳಬಹುದು, ಹೊಗೆಯೂ ಕಡಿಮೆ. ಆದರೆ ಅಲ್ಲಿ ಕೂತರೆ ಎಲ್ಲರ ದುಡ್ಡೂ ನಿಮ್ಮ ಕೈ ಮೇಲೇ ಹೋಗುತ್ತದೆ. ಅದಕ್ಕೆ ತಯಾರಿರಬೇಕು.

ದುಡ್ಡು ಕೊಡುವುದು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಮೊದಲ ದಿನ ಎಲ್ಲರೂ ಗಲಿಬಿಲಿ ಆಗುವುದು ಇಲ್ಲೇ.

ನೀವು ಹಿಂದೆ ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ಕೈಯಲ್ಲಿ 20 ಪೆಸೊ. "ಬಾಯಡ್ ಪೊ" ಅಂತ ಜೋರಾಗಿ ಹೇಳಿ ಕೈ ಮುಂದೆ ಚಾಚಿ. ಬಾಯಡ್ ಅಂದರೆ ಸಂದಾಯ. ಪಕ್ಕದವರು ತೆಗೆದುಕೊಂಡು ಅವರ ಪಕ್ಕದವರಿಗೆ ಕೊಡುತ್ತಾರೆ, ಅವರು ಮುಂದಿನವರಿಗೆ. ಎಷ್ಟು ಜನ, ಎಲ್ಲಿಗೆ ಅನ್ನುವುದನ್ನೂ ಜೊತೆಗೆ ಹೇಳಬೇಕು. "ಇಸಾ ಲಾಂಗ್, ಕ್ಯಾಪೊ" ಅಂದರೆ ಒಬ್ಬರೇ, ಕ್ಯಾಪೊಗೆ. ಆ ಮಾತೂ ದುಡ್ಡಿನ ಜೊತೆಗೇ ಬಾಯಿಂದ ಬಾಯಿಗೆ ಮುಂದೆ ಹೋಗುತ್ತದೆ. ಡ್ರೈವರ್ ಹಿಂದೆ ನೋಡುವುದಿಲ್ಲ. ಭುಜದ ಮೇಲಿಂದ ಒಂದು ಕೈ ಹಿಂದೆ ತರುತ್ತಾನೆ, ನಾಣ್ಯ ಇಸಕೊಳ್ಳುತ್ತಾನೆ. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾನೆ, ಅದೇ ಕೈಯಲ್ಲಿ ಗೇರ್ ಹಾಕುತ್ತಾನೆ, ಎದುರಿನ ಪೆಟ್ಟಿಗೆಯಿಂದ ಚಿಲ್ಲರೆ ಎಣಿಸಿ ಹಿಂದಕ್ಕೆ ಕೊಡುತ್ತಾನೆ. ಚಿಲ್ಲರೆಗೆ "ಸುಕ್ಲಿ" ಅನ್ನುತ್ತಾರೆ. ಅದು ಮತ್ತೆ ಆರೇಳು ಕೈ ದಾಟಿ ನಿಮ್ಮ ಹತ್ತಿರ ಬರುತ್ತದೆ. ಎರಡು ವರ್ಷದಲ್ಲಿ ಒಂದು ದಿನವೂ ನನ್ನ ಒಂದು ಪೆಸೊ ದಾರಿಯಲ್ಲಿ ಕಳೆದುಹೋಗಲಿಲ್ಲ. ಸಂಜೆ ಕೆಲಸ ಮುಗಿಸಿ ಸುಸ್ತಾದ ಜನ, ಒಬ್ಬರಿಗೊಬ್ಬರು ಗುರುತಿಲ್ಲ, ಆದರೂ ಬೇರೆಯವರ ದುಡ್ಡನ್ನು ಜೋಪಾನವಾಗಿ ದಾಟಿಸುತ್ತಾರೆ. ನನಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ನೋಡಿ.

ಸಾಂಪ್ರದಾಯಿಕ ಜೀಪ್ನಿಯ ಕನಿಷ್ಠ ದರ 2023ರ ಅಕ್ಟೋಬರಿನಲ್ಲಿ 13 ಪೆಸೊ ಆಯಿತು, ಮೊದಲ 4 ಕಿಲೋಮೀಟರಿಗೆ. ಹೊಸ ಮಾದರಿಯದಕ್ಕೆ 15. ಒಂದು ಪೆಸೊ ಅಂದರೆ ಸುಮಾರು ಒಂದೂವರೆ ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ದರ ಬದಲಾಗುತ್ತಿರುತ್ತದೆ, ಗಾಡಿಯೊಳಗೆ ದರಪಟ್ಟಿ ಹಾಕಿರುತ್ತಾರೆ, ಅದನ್ನು ನೋಡಿ. ವಿದ್ಯಾರ್ಥಿಗಳಿಗೆ 20 ಶೇಕಡಾ ರಿಯಾಯಿತಿ ಇದೆ, ಆದರೆ ಕಾನೂನಿನಲ್ಲಿ ಅದು ಆ ದೇಶದ ಪ್ರಜೆಗಳಿಗೆ. ಹಾಗಾಗಿ ನಮ್ಮ ಮಕ್ಕಳು ಪೂರ್ತಿ ದುಡ್ಡು ಕೊಡುವುದೇ ಸರಿ.

ದರ ಹೇಳುವಾಗ ಟ್ರೆಸೆ, ಕಿನ್ಸೆ, ಬೆಂತೆ ಅನ್ನುತ್ತಾರೆ. 13, 15, 20. ಸ್ಪೇನಿನವರು ಮುನ್ನೂರು ವರ್ಷ ಆಳಿದ ಗುರುತು ಅದು. ಈ ಮೂರು ಶಬ್ದ ಬಾಯಿಪಾಠ ಮಾಡಿ.

ಬೆಳಿಗ್ಗೆ ದೊಡ್ಡ ನೋಟು ಕೊಡಬೇಡಿ. "ಬಾರ್ಯ ಲಾಂಗ್ ಪೊ ಸಾ ಉಮಾಗಾ" ಅಂತ ಬೋರ್ಡೇ ಇರುತ್ತದೆ, ಬೆಳಿಗ್ಗೆ ಚಿಲ್ಲರೆ ಮಾತ್ರ ಅಂತ. ನಮ್ಮ ಟೆಂಪೋದಲ್ಲಿ ಮೊದಲ ಟ್ರಿಪ್ಪಿಗೇ 500ರ ನೋಟು ತೆಗೆದರೆ ಏನಾಗುತ್ತದೆ ಅಂತ ಗೊತ್ತಲ್ವಾ, ಅಲ್ಲೂ ಅಷ್ಟೇ. 2019ರ ಕೊನೆಯಿಂದ 5 ಪೆಸೊ ನಾಣ್ಯಕ್ಕೆ ಒಂಬತ್ತು ಮೂಲೆ ಇದೆ. ಅದಕ್ಕಿಂತ ಸ್ವಲ್ಪ ಮೊದಲು ಬಂದದ್ದು ದುಂಡಗೆ, 1 ಪೆಸೊ ಥರವೇ ಕಾಣುತ್ತದೆ. ಕೊಡುವ ಮೊದಲು ಅಂಕಿ ನೋಡಿ.

ಇಳಿಯುವುದು

"ಪಾರಾ ಪೊ" ಅಂದರೆ ನಿಲ್ಲಿಸಿ. ಸೆಬುವಿನಲ್ಲಿ "ಲುಗಾರ್ ಲಾಂಗ್" ಅನ್ನಬೇಕು. ಇಂಜಿನ್ ಸದ್ದು ಜೋರು, ಹಾಡೂ ಹಾಕಿರುತ್ತಾರೆ, ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ. ಮಾಡಿಗೆ ಬೆರಳಿನಿಂದ ಬಡಿಯಬಹುದು, ಅಥವಾ ಮೇಲೆ ಹಿಡಿದುಕೊಳ್ಳುವ ಕಬ್ಬಿಣದ ಸರಳಿಗೆ ನಾಣ್ಯದಿಂದ ಟಕ್ ಟಕ್ ಅನ್ನಿಸಬಹುದು. ಕೆಲವು ಗಾಡಿಯಲ್ಲಿ ಎಳೆಯಲಿಕ್ಕೆ ಹಗ್ಗ ಇರುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಫಿಲಿಪೈನ್ಸಿನಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ. ನಮ್ಮಲ್ಲಿ ಎಡಬದಿ. ಜೀಪ್ನಿ ಬಾಗಿಲು ಇರುವುದು ನೇರ ಹಿಂದೆ, ಆದ್ದರಿಂದ ಯಾವ ಕಡೆ ಕಾಲಿಡಬೇಕು ಅಂತ ಗಾಡಿಯೇ ನಿಮಗೆ ಹೇಳಿಕೊಡುವುದಿಲ್ಲ. ಮೊದಲ ವಾರ ನಾನು ಊರಿನ ಅಭ್ಯಾಸದಲ್ಲಿ ಎಡಕ್ಕೆ ಇಳಿದುಬಿಟ್ಟೆ. ಒಂದು ಬೈಕ್ ನನ್ನ ಅಂಗಿ ತೋಳಿಗೆ ತಾಗಿಕೊಂಡೇ ಹೋಯಿತು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ನನ್ನ ಚೀಲ ಹಿಡಿದು ಎಳೆಯದೇ ಇದ್ದಿದ್ದರೆ ಏನಾಗುತ್ತಿತ್ತೋ. ಪೂರ್ತಿ ನಿಂತ ಮೇಲೆ ಇಳಿಯಿರಿ, ಗಾಡಿ ಹೋಗುತ್ತಿದ್ದ ದಿಕ್ಕಿನ ಬಲಕ್ಕೆ, ಅಂಗಡಿಗಳಿರುವ ಕಡೆಗೇ ಕಾಲಿಡಿ. ಸಣ್ಣ ಬೈಕುಗಳು ಆ ಸಂದಿಯಲ್ಲೂ ನುಗ್ಗುತ್ತವೆ, ಹಾಗಾಗಿ ಎರಡೂ ಕಡೆ ನೋಡಿ.

ಒಳ್ಳೆಯದೂ ಕೆಟ್ಟದ್ದೂ ಎಲ್ಲಿಂದ ಬಂತು

ಅಗ್ಗ ಅನ್ನುವುದು ಮೊದಲ ಒಳ್ಳೆಯದು. ಗಲ್ಲಿಯ ಬಾಯಿಯವರೆಗೂ ಬರುತ್ತದೆ ಅನ್ನುವುದು ಎರಡನೆಯದು. ಮಳೆಗಾಲದಲ್ಲಿ ಮನಿಲಾ ರಸ್ತೆಗೆ ನೀರು ನುಗ್ಗಿದಾಗ ಕಾರುಗಳು ನಿಂತರೂ ಎತ್ತರದ ಜೀಪ್ನಿ ನೀರು ಸೀಳಿಕೊಂಡು ಹೋಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಮಳೆ ಹೊಡೆದರೆ ಪಕ್ಕದಲ್ಲಿ ಸುತ್ತಿಟ್ಟ ಪ್ಲಾಸ್ಟಿಕ್ ಪರದೆ ಇಳಿಸುತ್ತಾರೆ. ಒಳಗೆ ಸೆಖೆ ಮಾತ್ರ ನಮ್ಮ ಕಾರವಾರದ ಮೇ ತಿಂಗಳ ಮಧ್ಯಾಹ್ನದ ಥರ.

ಕೆಟ್ಟದ್ದು ಅರ್ಥ ಆಗಬೇಕಾದರೆ "ಬೌಂಡರಿ" ಗೊತ್ತಿರಬೇಕು. ಎಷ್ಟೋ ಡ್ರೈವರುಗಳಿಗೆ ಗಾಡಿ ಸ್ವಂತದ್ದಲ್ಲ. ದಿನಕ್ಕಿಷ್ಟು ಅಂತ ಮಾಲೀಕನಿಗೆ ಕಟ್ಟಬೇಕು, ಅದೇ ಬೌಂಡರಿ. ಡೀಸೆಲ್ ಖರ್ಚೂ ಡ್ರೈವರನದೇ. ಉಳಿದದ್ದು ಅವನ ಮನೆಗೆ. ನಮ್ಮಲ್ಲಿ ಬಾಡಿಗೆಗೆ ರಿಕ್ಷಾ ಓಡಿಸುವವರ ಪಾಡೂ ಇದೇ ಅಲ್ವಾ. ಒಂದು ತಲೆ ಜಾಸ್ತಿ ಹತ್ತಿದರೆ ಒಂದು ಕಿಲೋ ಅಕ್ಕಿಯ ದುಡ್ಡಿಗೆ ಒಂದು ಹೆಜ್ಜೆ ಹತ್ತಿರ. ಅದಕ್ಕೇ ಅವನು ನಿಮಗಾಗಿ ಎಲ್ಲಿ ಬೇಕಾದರೂ ನಿಲ್ಲಿಸುತ್ತಾನೆ. ಅದಕ್ಕೇ ಸರ್ಕಲ್ಲಿನಲ್ಲಿ ಜನ ತುಂಬುವ ತನಕ ರಸ್ತೆ ಅಡ್ಡಗಟ್ಟಿ ನಿಲ್ಲುತ್ತಾನೆ, ಹಿಂದೆ ನೂರು ಗಾಡಿ ಹಾರ್ನ್ ಹೊಡೆದರೂ. ಮುಂದಿನ ಜೀಪ್ನಿಗಿಂತ ಮೊದಲು ಜನ ಹತ್ತಿಸಿಕೊಳ್ಳಲಿಕ್ಕೆ ಜೋರಾಗಿ ಓಡಿಸುತ್ತಾನೆ. ನಿಮಗೆ ಅನುಕೂಲ ಆಗಿದ್ದೂ ಊರಿಗೆ ತೊಂದರೆ ಆಗಿದ್ದೂ ಒಂದೇ ಕಾರಣಕ್ಕೆ. ಡ್ರೈವರನ್ನು ಬೈದರೆ ಏನೂ ಸರಿಹೋಗುವುದಿಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ.

ಇನ್ನೊಂದು ಹೊಗೆ. ಹಳೆ ಜೀಪ್ನಿಗಳಲ್ಲಿ ಇರುವುದು ಬಹಳ ಸಲ ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಡೀಸೆಲ್ ಇಂಜಿನ್. ಕಿಟಕಿಗೆ ಗಾಜಿಲ್ಲ, ಹಿಂದಿನ ಬಾಗಿಲಿಗೆ ಕದವೂ ಇಲ್ಲ. ಮುಂದಿನ ಗಾಡಿಯ ಹೊಗೆ ನೇರ ಮುಖಕ್ಕೆ. ಮಾಸ್ಕ್ ಹಾಕಿಕೊಳ್ಳಿ, ಉಬ್ಬಸ ಇದ್ದವರು ದಟ್ಟಣೆಯ ಹೊತ್ತಿನಲ್ಲಿ ಹತ್ತಲೇ ಬೇಡಿ.

ಸರಕಾರ 2017ರಲ್ಲಿ ಹಳೆ ಗಾಡಿ ಬದಲಿಸುವ ಯೋಜನೆ ತಂದಿತು. ಕಡಿಮೆ ಹೊಗೆ ಬಿಡುವ ಯೂರೋ 4 ಇಂಜಿನ್ ಅಥವಾ ಕರೆಂಟಿನ ಗಾಡಿ ಬೇಕು, ಒಬ್ಬೊಬ್ಬರೇ ಓಡಿಸುವ ಹಾಗಿಲ್ಲ, ಸಹಕಾರಿ ಸಂಘ ಅಥವಾ ಕಂಪನಿ ಮಾಡಿಕೊಳ್ಳಬೇಕು. ಹೊಸ ಗಾಡಿಯ ಬೆಲೆ 20 ಲಕ್ಷ ಪೆಸೊಗೂ ಜಾಸ್ತಿ. ಮುಷ್ಕರ ಆಯಿತು, ಸಂಘ ಮಾಡಿಕೊಳ್ಳುವ ಗಡುವು ಮತ್ತೆ ಮತ್ತೆ ಮುಂದೆ ಹೋಗಿ 2024ರ ಏಪ್ರಿಲ್ 30ಕ್ಕೆ ಬಂತು. ಹೊಸದರಲ್ಲಿ ಬಲಬದಿಗೆ ಬಾಗಿಲು, ನೆಟ್ಟಗೆ ನಿಲ್ಲಬಹುದು, ಎಷ್ಟೋ ಗಾಡಿಯಲ್ಲಿ ಏಸಿ. ಸೆಖೆಗೆ, ಶ್ವಾಸಕ್ಕೆ ಹೊಸದೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲ ತೀರಿಸುವ ಭಾರ ಬೌಂಡರಿ ಕಟ್ಟಿಯೇ ಸುಸ್ತಾದವನ ತಲೆ ಮೇಲೆ ಹೇರಿದ್ದು ತಪ್ಪು ಅಂತ ನಾನು ಅಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. 2020ರ ಲಾಕ್‌ಡೌನಿನಲ್ಲಿ ಗಾಡಿ ನಿಂತು ಎಷ್ಟೋ ಡ್ರೈವರುಗಳು ರಸ್ತೆ ಬದಿ ಕೈ ಚಾಚಿ ನಿಂತಿದ್ದರು. ಅವರ ಹತ್ತಿರ ಲಕ್ಷಗಟ್ಟಲೆ ಎಲ್ಲಿಂದ ಬರಬೇಕು?

ಯಾವಾಗ ಹತ್ತಬಾರದು

ದೂರಕ್ಕೆ ಬೇಡ. ಎಡ್ಸಾ ಅನ್ನುವ ದೊಡ್ಡ ರಸ್ತೆಯಲ್ಲಿ ಉದ್ದಕ್ಕೂ ಹೋಗುವುದಿದ್ದರೆ ಅದಕ್ಕೆಂದೇ 2020ರಲ್ಲಿ ಶುರುವಾದ ಎಡ್ಸಾ ಕ್ಯಾರಸೆಲ್ ಬಸ್ ಇದೆ, ಎಂಆರ್‌ಟಿ ರೈಲಿದೆ. ಅದರಲ್ಲಿ ಹೋಗಿ, ಕೊನೆಯ ಎರಡು ಮೂರು ಕಿಲೋಮೀಟರಿಗೆ ಜೀಪ್ನಿ ಹಿಡಿಯಿರಿ. ಪರೀಕ್ಷೆ, ವಿಮಾನ, ವೀಸಾ ಆಫೀಸಿನ ಕೆಲಸ ಇದ್ದ ದಿನ ಬೇಡ, ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅಂತ ಯಾರೂ ಹೇಳಲಾರರು. ದೊಡ್ಡ ಸೂಟ್‌ಕೇಸ್ ಇದ್ದರೂ ಬೇಡ. ರಾತ್ರಿ ತಡವಾಗಿ ಒಬ್ಬರೇ, ಖಾಲಿ ಜೀಪ್ನಿಯಲ್ಲಿ ಬೇಡವೇ ಬೇಡ. ಮೊಬೈಲ್ ಕೈಯಲ್ಲಿ ಹಿಡಿದು ಕಿಟಕಿ ಪಕ್ಕ ಕೂರಬಾರದು, ಹೊರಗಿನಿಂದ ಕೈ ಹಾಕಿ ಕಿತ್ತುಕೊಂಡು ಹೋಗುತ್ತಾರೆ. ಚೀಲ ತೊಡೆ ಮೇಲೆ, ಜಿಪ್ ನಿಮ್ಮ ಕಡೆಗೆ. ಹುಡುಗರು ಹಿಂದೆ ಸರಳು ಹಿಡಿದು ಜೋತುಬಿದ್ದು ಹೋಗುವುದನ್ನು ಕಾಣುತ್ತೀರಿ, ನೀವು ಮಾಡಬೇಡಿ. ಇನ್ನೊಂದು ಗಾಡಿ ಬಂದೇ ಬರುತ್ತದೆ.

ಮಗಳೇ, ನಿನಗೆ ಇಷ್ಟು ಹೇಳುತ್ತೇನೆ. ಮೊದಲ ಸಲ ಭಾನುವಾರ ಬೆಳಿಗ್ಗೆ ಹೋಗು, ರಸ್ತೆ ಖಾಲಿ ಇರುತ್ತದೆ. ಜೊತೆಗೆ ಸೀನಿಯರ್ ಒಬ್ಬರನ್ನು ಕರೆದುಕೊ. ಸಣ್ಣ ಪರ್ಸಿನಲ್ಲಿ ಐದರ ನಾಣ್ಯ ನಾಲ್ಕು, ಒಂದರದ್ದು ಹತ್ತು ಹಾಕಿಕೊ. ಹಾಸ್ಟೆಲ್ಲಿನಿಂದ ಕಾಲೇಜಿಗೆ ಹೋಗಿ, ಎದುರು ಬದಿಗೆ ದಾಟಿ, ಅದೇ ರೂಟಿನಲ್ಲಿ ವಾಪಸ್ ಬಾ. ಬರುವಾಗ ಡ್ರೈವರ್ ಹಿಂದೆಯೇ ಕೂತು ನಾಲ್ಕು ಜನರ ದುಡ್ಡು ದಾಟಿಸು. ಹಾಸ್ಟೆಲ್ ಮುಟ್ಟಿದ ಮೇಲೆ ಅಪ್ಪನಿಗೊಂದು ಫೋನ್ ಮಾಡು, ಅವನು ಕಾಯುತ್ತಾ ಕೂತಿರುತ್ತಾನೆ.