ಎರಡು ಮುಳುಗಡೆ ಕಂಡ ಮುತ್ತಜ್ಜನನ್ನು ಕಡತಗಳಲ್ಲಿ ಹುಡುಕಿದ ಬಗೆ

ಗೇಣಿ ಮಾಡಿ ಬದುಕಿದ ಮನೆತನದವರು ತಮ್ಮ ಹಿರಿಯರನ್ನು ಹುಡುಕಲು ಹೊರಟರೆ ಕೈಬರಹದ ಪಹಣಿಯ (ಜಮೀನಿನ ಹಕ್ಕು, ಸಾಗುವಳಿ ಬರೆದಿಡುವ ಕಂದಾಯ ದಾಖಲೆ) ಒಂಬತ್ತನೇ ಕಾಲಂ ನೋಡಿ ಪ್ರಯೋಜನವಿಲ್ಲ. ಅಲ್ಲಿರುವುದು ಒಡೆಯರ ಹೆಸರು. ನಮ್ಮವರು ಸಿಕ್ಕರೆ ಹನ್ನೆರಡನೇ ಕಾಲಂನಲ್ಲಿ, ಸಾಗುವಳಿ ಮಾಡಿದವರ ಜಾಗದಲ್ಲಿ ಸಿಗಬೇಕು. ಅಲ್ಲೂ ಬಹಳ ಕಡೆ ‘ಸ್ವಂತ’ ಎಂದು ಬರೆದು ಮುಗಿಸಿಬಿಟ್ಟಿರುತ್ತಾರೆ. ಅಪ್ಪನ ಅಜ್ಜನನ್ನು ಹುಡುಕಲು ಕೂತ ನನಗೆ ಕಡೆಗೂ ಅವನು ಸಿಕ್ಕಿದ್ದು ಅವನ ಹೆಸರಿನ ಕಡತದಲ್ಲಲ್ಲ, ಅವನು ಗೇಣಿದಾರನೇ ಅಲ್ಲ ಎಂದು ವಾದಿಸಿದವರು ಹಾಜರುಪಡಿಸಿದ ಕಾಗದದಲ್ಲಿ.

ಮನೆಯಲ್ಲಿ ಕೇಳುತ್ತ ಬಂದ ಕತೆ ಇಷ್ಟು. ಭಟ್ಕಳದ ಕಡೆಯಿಂದ ಘಟ್ಟ ಹತ್ತಿ ಬಂದ. ಸಾಗರ ತಾಲೂಕಿನ ಕರೂರು ಸೀಮೆಯಲ್ಲಿ ಗದ್ದೆ ಗೇಣಿಗೆ ಮಾಡಿದ. ಮಡೆನೂರು ಡ್ಯಾಮಿನ ನೀರು ಬರುತ್ತದೆ ಎಂದಾಗ ಮನೆ ಕಿತ್ತುಕೊಂಡು ಗುಡ್ಡದ ಮೇಲಕ್ಕೆ ಹೋದ. ಆಮೇಲೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಅಲ್ಲಿಗೂ ಬಂತು. ಆಗ ಮಗನ ಜೊತೆ ಲಾರಿ ಹತ್ತಿ ಶಿವಮೊಗ್ಗ ತಾಲೂಕಿನ ಕಾಡಿಗೆ ಬಂದು ಅಲ್ಲೇ ತೀರಿಕೊಂಡ. ಇದರಲ್ಲಿ ಒಂದು ಇಸವಿಯೂ ಇರಲಿಲ್ಲ.

ಇಸವಿ ಕೇಳಿದರೆ ಹಳಬರು ಗಲಿಬಿಲಿಯಾಗುತ್ತಾರೆ, ಇಲ್ಲವೇ ನಮ್ಮನ್ನು ಬರಿಗೈಲಿ ಕಳಿಸಬಾರದೆಂದು ಯಾವುದೋ ಒಂದನ್ನು ಹೇಳಿಬಿಡುತ್ತಾರೆ. ನಾನು ಇಸವಿ ಕೇಳುವುದನ್ನು ಬಿಟ್ಟು ಬಾವಿ ಎಲ್ಲಿತ್ತು, ಯಾವ ಹೊಳೆ ದಾಟಿ ಪೇಟೆಗೆ ಹೋಗುತ್ತಿದ್ದಿರಿ, ಆ ಮನೆಯಲ್ಲಿ ಯಾರ ಮದುವೆ ಆಯಿತು, ಯಾರು ಹುಟ್ಟಿದರು ಎಂದು ಕೇಳತೊಡಗಿದೆ. ಗಂಡಸರು ಜಮೀನಿನ ಜಗಳ ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ. ಮನೆಯ ನೆನಪು ಹೆಂಗಸರದ್ದು. ಅಪ್ಪನ ಅಕ್ಕ, ನನ್ನ ದೊಡ್ಡತ್ತೆ, ಗುಡ್ಡದ ಮೇಲಕ್ಕೆ ಹೋದದ್ದರ ಬಗ್ಗೆ ಹೇಳಿದ್ದು ಹೀಗೆ: “ಮನೆ ಹೆಂಚು ಇಳ್ಸೋವಾಗ ನಂಗೆ ಮುಂದಿನ ಹಲ್ಲು ಬಿದ್ದಿತ್ತು ಮಗಾ. ಅಜ್ಜ ಅದ್ನ ಹಳೇ ಮನೆ ಮಾಡಿನ ಮೇಲೇ ಎಸಿ ಅಂದ, ಹೊಸ ಮನಿಗೆ ಇನ್ನೂ ಮಾಡೇ ಇರ್ಲಿಲ್ಲ.”

ಮಡೆನೂರು ಡ್ಯಾಂ ಎಂದರೆ ಹಿರೇಭಾಸ್ಕರ ಅಣೆಕಟ್ಟು. ಮೈಸೂರು ಸಂಸ್ಥಾನ ಜೋಗದ ವಿದ್ಯುತ್ತಿಗಾಗಿ ಕಟ್ಟಿಸಿದ್ದು, ಕೆಲಸ ಶುರುವಾದದ್ದು 1939ರಲ್ಲಿ. ಜೋಗದಲ್ಲಿ ಕರೆಂಟು ಹುಟ್ಟಿದ್ದು 1948ರ ಫೆಬ್ರವರಿಯಲ್ಲಿ, ಗಾಂಧೀಜಿ ತೀರಿಕೊಂಡ ಮರುತಿಂಗಳು. ದೊಡ್ಡತ್ತೆ ಹೇಳುವ ವಯಸ್ಸಿನಿಂದ ಹುಟ್ಟಿದ ವರ್ಷ ಲೆಕ್ಕಹಾಕಿ ಅದಕ್ಕೆ ಹಾಲುಹಲ್ಲು ಬೀಳುವ ಕಾಲ ಸೇರಿಸಿದರೆ ಮೊದಲ ಸ್ಥಳಾಂತರ 1944ರಿಂದ 1947ರೊಳಗೆ ಬರುತ್ತದೆ. ಇಂಥ ಗೂಟಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. “ಕಾಗೋಡು ಗಲಾಟೆ ವರ್ಷ” ಎಂದರೆ 1951, ಗೇಣಿ ಅಳೆಯುವ ಕೊಳಗದ ಗಾತ್ರದ ವಿಷಯಕ್ಕೆ ಗೇಣಿದಾರರು ಎದ್ದು ನಿಂತು, ಸಮಾಜವಾದಿ ನಾಯಕ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದ ವರ್ಷ. “ಮಂಗ ಸತ್ತ ವರ್ಷ” ಎಂದರೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದ 1957ರ ಆಸುಪಾಸು. “ದೊಡ್ಡ ನೀರು” ಎಂದರೆ ಲಿಂಗನಮಕ್ಕಿ ಮುಗಿದ 1964. ಹೇಳಿದ್ದೆಲ್ಲವನ್ನೂ ಈ ಗೂಟಗಳಿಗೆ ಹಿಂದೆ, ಮುಂದೆ ಎಂದು ಕಟ್ಟುತ್ತ ಹೋದೆ.

ಜಾಗ ಗುರುತಿಸಲು ನೆರವಾದದ್ದು ಹಳೆಯ ಒಂದಿಂಚಿನ (ಮೈಲಿಗೆ ಒಂದಿಂಚು ಅಳತೆಯ) ಸರ್ವೆ ನಕಾಶೆ, ಅಣೆಕಟ್ಟಿಗೂ ಮೊದಲಿನದ್ದು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಕಾಶೆಯಲ್ಲಿ 1800 ಅಡಿಯ ಸಮೋನ್ನತಿ ಗೆರೆಯ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಮೇಲೆ ಪೆನ್ಸಿಲು ಎಳೆದರೆ ಈಗಿನ ಹಿನ್ನೀರಿನ ಅಂಚು ಹತ್ತಿರಹತ್ತಿರ ಬಂದುಬಿಡುತ್ತದೆ. ಅದರ ಒಳಗೆ ಬಿದ್ದ ಕೇರಿಗಳ ಹೆಸರನ್ನು ಒಂದೊಂದಾಗಿ ಓದಿ ಹೇಳಿದಾಗ ದೊಡ್ಡತ್ತೆ ಎರಡನ್ನು ಹಿಡಿದಳು. ಒಂದು ಹೊಳೆಯ ಪಕ್ಕದ್ದು, ಇನ್ನೊಂದು ಅದರ ಮೇಲಿನ ದಿಣ್ಣೆಯದು. ಎರಡೂ ಗೆರೆಯ ಒಳಗೇ ಇವೆ. ಮೊದಲ ನೀರಿಗೆ ಹೆದರಿ ಎಲ್ಲಿಗೆ ಹತ್ತಿದರೋ ಅದು ಎರಡನೆಯದಕ್ಕೆ ತೀರಾ ತಗ್ಗು. ಹಿರೇಭಾಸ್ಕರ ಅಣೆಕಟ್ಟೇ ಲಿಂಗನಮಕ್ಕಿಯಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಅದರ ಸೈಫನ್‌ಗಳು (ಹೆಚ್ಚಾದ ನೀರು ಹೊರಬಿಡುವ ಕೊಳವೆಗಳು) ಮೇಲೆದ್ದು ಜನ ನೋಡಲು ಹೋಗುತ್ತಾರೆ. ಮುಳುಗಿದ ಊರಿನ ಹೆಸರು ಮಾತ್ರ ಮುಳುಗುವುದಿಲ್ಲ, ಕಂದಾಯ ಲೆಕ್ಕದಲ್ಲಿ ಸರ್ವೆ ನಂಬರುಗಳ ಸಮೇತ ಉಳಿದಿರುತ್ತದೆ. ನಕಲಿಗೆ ಅರ್ಜಿ ಹಾಕುವಾಗ ಆ ಹೆಸರನ್ನೇ ಬರೆಯಬೇಕು. ಜನ ಬಾಯಲ್ಲಿ ಕರೆಯುವ ಹೆಸರು ಬಹುತೇಕ ಕೇರಿಯದ್ದಾಗಿರುತ್ತದೆ, ಗ್ರಾಮದ್ದಲ್ಲ.

ಕಂದಾಯ ಕಡತಗಳ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾದೀತು. ಮುತ್ತಜ್ಜನ ಕಿರಿಯ ಮಗ, ಅಂದರೆ ನನ್ನ ಚಿಕ್ಕಜ್ಜ, ಲಾರಿ ಹತ್ತಲಿಲ್ಲ. ಕರೂರು ಸೀಮೆಯಲ್ಲೇ ನೀರು ಮುಟ್ಟದ ಒಂದು ತುಂಡು ಗದ್ದೆ ಹಿಡಿದು ಉಳಿದ. ಆ ಗದ್ದೆ ಈಗ ಅವನ ಮೊಮ್ಮಕ್ಕಳ ಹೆಸರಿನಲ್ಲಿದೆ. ನಾನು ಹಿಡಿದದ್ದು ಆ ಇವತ್ತಿನ ಪಹಣಿಯ ಬಾಲ. ಸ್ವಾಧೀನ ಹೇಗೆ ಬಂತು ಎಂದು ಬರೆಯುವ ಹತ್ತನೇ ಕಾಲಂನಲ್ಲಿ ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ಸಂಖ್ಯೆ ಇತ್ತು. ಕಂಪ್ಯೂಟರಿಗೆ ಮೊದಲಿನ ಕೈಬರಹದ ಪಹಣಿಗಳನ್ನು ಒಂದೊಂದು ಅವಧಿಯಂತೆ ತೆಗೆಸಿ ಹಿಂದೆ ಹೋದಾಗ ಹಳೆಯ ಎಂ.ಆರ್. ಸಿಕ್ಕಿತು, ಅದರ ಷರಾದಲ್ಲಿ ಗೇಣಿದಾರರ ಅರ್ಜಿ ತೀರ್ಮಾನಿಸಿದ ಭೂನ್ಯಾಯಮಂಡಳಿಯ ಆದೇಶದ ಸಂಖ್ಯೆ ಮತ್ತು ತಾರೀಖು. ಆ ಸಂಖ್ಯೆ ಕೈಗೆ ಬಂದರೆ ಕಡತ ಕೇಳಬಹುದು. ಬರೀ ಸರ್ವೆ ನಂಬರ್ ಹೇಳಿ ಕೇಳಿದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ. ಪೋಡಿಯಾಗಿ (ಜಮೀನು ಅಳೆದು ಪಾಲಾಗಿ) ಹಿಸ್ಸಾ (ಪಾಲಿನ ನಂಬರ್) ಬದಲಾಗಿದ್ದರೆ ಹಳೆಯ ಕಡತ ಹಳೆಯ ನಂಬರಿನಲ್ಲೇ ಮಲಗಿರುತ್ತದೆ. ಆ ಹಿಂಬರಹಕ್ಕೆ ಬೇಸರಪಟ್ಟುಕೊಳ್ಳದೆ ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದಿಡುವ ಪುಸ್ತಕ) ನೋಡಿ ಮೂಲ ನಂಬರ್ ಹುಡುಕಿಕೊಳ್ಳುವುದು ಒಳ್ಳೆಯದು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ಗೇಣಿದಾರರು ಜಮೀನಿನ ಹಕ್ಕಿಗಾಗಿ ಫಾರಂ ಏಳರಲ್ಲಿ ಅರ್ಜಿ ಹಾಕಬೇಕಿತ್ತು. ಮಂಡಳಿ ಒಪ್ಪಿದರೆ ಕೊನೆಗೆ ಬರುವುದು ಫಾರಂ ಹತ್ತು, ಅಂದರೆ ಆ ಹಕ್ಕಿನ ಪತ್ರ. ಮನೆಗಳಲ್ಲಿ ಜೋಪಾನವಾಗಿರುವುದು ಈ ಫಾರಂ ಹತ್ತು ಮಾತ್ರ, ಪ್ಲಾಸ್ಟಿಕ್ ಹಾಕಿಸಿ ದೇವರ ಗೂಡಿನ ಪಕ್ಕ ಇಟ್ಟಿರುತ್ತಾರೆ. ಚರಿತ್ರೆ ಬೇಕಾದವರಿಗೆ ಅದರಲ್ಲಿ ಏನೂ ಇಲ್ಲ. ಬೇಕಾದದ್ದೆಲ್ಲ ಅದರ ಹಿಂದಿನ ಕಡತದಲ್ಲಿದೆ: ಎರಡೂ ಕಡೆಯ ಹೇಳಿಕೆಗಳು, ಸ್ಥಳ ಮಹಜರು, ಹಾಜರುಪಡಿಸಿದ ರಸೀದಿಗಳು.

ಚಿಕ್ಕಜ್ಜನ ಹೇಳಿಕೆ ಒಂದೂವರೆ ಪುಟ. ತಂದೆ ಘಟ್ಟದ ಕೆಳಗಿನಿಂದ ಬಂದವರೆಂದೂ, ಮೊದಲು ಹೊಳೆ ಬದಿಯ ಗದ್ದೆ ಮಾಡುತ್ತಿದ್ದು ಅದು ಮುಳುಗಿದ ಮೇಲೆ ಅದೇ ಒಡೆಯರ ಮೇಲಿನ ಗದ್ದೆಗೆ ಬಂದರೆಂದೂ, ತೀರಿಕೊಂಡು ಐದಾರು ವರ್ಷವಾಯಿತೆಂದೂ ಅದರಲ್ಲಿದೆ. ಮುತ್ತಜ್ಜನ ಸಾವಿಗೆ ನನಗೆ ಸಿಕ್ಕಿರುವ ಏಕೈಕ ಲಿಖಿತ ಆಧಾರ ಅದೇ. ಹೇಳಿಕೆಯ ಕೊನೆಗೆ ಚಿಕ್ಕಜ್ಜನ ಹೆಬ್ಬೆಟ್ಟು.

ಒಡೆಯರ ಕಡೆಯ ತಕರಾರು ಇದಕ್ಕಿಂತ ಉದ್ದ. ಇವರು ಗೇಣಿದಾರರಲ್ಲ, ತಲೆಮಾರಿನಿಂದ ಕೂಲಿಯ ಆಳುಗಳು ಎಂಬುದು ಅವರ ವಾದ. ಅದಕ್ಕೆ ಆಧಾರವಾಗಿ ಮನೆಯ ಲೆಕ್ಕದ ಪುಸ್ತಕದ ಹಾಳೆಯೊಂದರ ನಕಲು ಲಗತ್ತಿಸಿದ್ದರು. ದುರ್ಮತಿ ಸಂವತ್ಸರದ್ದು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅದು 1921-22 ಆಗಬೇಕು. ಅದರ ಹಿಂದಿನದು 1861ಕ್ಕೆ, ಮುಂದಿನದು 1981ಕ್ಕೆ ಹೋಗುತ್ತದೆ, ಎರಡೂ ಹೊಂದುವುದಿಲ್ಲ. ಅಲ್ಲಿ ಮುತ್ತಜ್ಜನ ಹೆಸರು, ಪಕ್ಕದಲ್ಲಿ ‘ಕೆಳಗಿನವ’ ಎಂಬ ಗುರುತು, ಮದುವೆ ಖರ್ಚಿಗೆ ಕೊಟ್ಟ ಸಾಲ, ಆಮೇಲೆ ಭತ್ತ, ಒಂದು ಕಂಬಳಿ, ಒಂದು ಪಂಚೆ.

ಆ ಹಾಳೆಯನ್ನು ಓದುವವರೆಗೂ ಅವನು ಗದ್ದೆ ಮಾಡುವ ಆಸೆಯಿಂದ ಮೇಲೆ ಬಂದ ಎಂದೇ ನಮ್ಮ ಮನೆಯವರ ನಂಬಿಕೆ. ಮದುವೆಗೆ ಸಾಲ ತೆಗೆದುಕೊಂಡು ಅದು ತೀರುವವರೆಗೆ ಒಡೆಯರ ಮನೆಯಲ್ಲಿ ದುಡಿಯುವುದು ಆಗಿನ ಮಲೆನಾಡಿನಲ್ಲಿ ಮಾಮೂಲು. ಹಾಗೆ ಆಳಾಗಿ ಶುರುಮಾಡಿ, ಸಾಲ ತೀರಿದ ಮೇಲೆ ಗೇಣಿಗೆ ಗದ್ದೆ ಹಿಡಿದಿರಬೇಕು ಎಂಬುದು ನನ್ನ ಎಣಿಕೆ. ಹಾಗಾದರೆ ಒಡೆಯರ ಹಾಳೆಯೂ ನಿಜ, ಚಿಕ್ಕಜ್ಜನ ಹೇಳಿಕೆಯೂ ನಿಜ, ಅವು ಹೇಳುವ ಕಾಲಗಳ ನಡುವೆ ಇಪ್ಪತ್ತು ಮೂವತ್ತು ವರ್ಷದ ಅಂತರವಿದೆ ಅಷ್ಟೆ. ಮಂಡಳಿ ಚಿಕ್ಕಜ್ಜನ ಪರವಾಗಿ ಆದೇಶ ಕೊಟ್ಟಿತು. ಮನೆಯಲ್ಲಿ ಇದನ್ನು ಓದಿ ಹೇಳಿದಾಗ ‘ಆಳು’ ಎಂಬ ಮಾತು ಬರೆಯುವುದು ಬೇಡ ಎಂದು ಅಣ್ಣ ತಕರಾರು ಮಾಡಿದ. ನಾನು ಬಿಡಲಿಲ್ಲ. ಆ ಹಾಳೆ ಇಲ್ಲದಿದ್ದರೆ 1920ರ ದಶಕದಲ್ಲಿ ಮುತ್ತಜ್ಜ ಎಲ್ಲಿದ್ದ ಎಂಬುದಕ್ಕೆ ಏನೂ ಸಿಗುತ್ತಿರಲಿಲ್ಲ.

ಮದುವೆ ಸಾಲ ಇನ್ನೊಂದು ಗಂಟನ್ನೂ ಸ್ವಲ್ಪ ಸಡಿಲ ಮಾಡಿತು. ಮುತ್ತಜ್ಜನಿಗೆ ಇಬ್ಬರು ಹೆಂಡಿರು, ಮೊದಲನೆಯವಳು “ಊರಿಗೂರೇ ಮಲಗಿದ ಜ್ವರ”ದಲ್ಲಿ ಹೋದಳು ಎಂದು ದೊಡ್ಡತ್ತೆ ಹೇಳಿದ್ದಳು. 1921ರದ್ದು ಎರಡನೇ ಮದುವೆಯಾದರೆ ಆ ಜ್ವರ 1918ರ ಇನ್‌ಫ್ಲುಯೆಂಜಾ ಇರಬಹುದು. ಆದರೆ ಚಳಿಜ್ವರ ವರ್ಷವೂ ಕಾಡುತ್ತಿದ್ದ ಸೀಮೆಯಲ್ಲಿ ಇದನ್ನು ಖಚಿತವಾಗಿ ಬರೆಯಲು ಮನಸ್ಸಾಗದೆ ‘ಇರಬಹುದು’ ಎಂದೇ ಬರೆದಿಟ್ಟಿದ್ದೇನೆ.

ಘಟ್ಟದ ಕೆಳಗಿನ ಹುಡುಕಾಟ ಅಷ್ಟು ಫಲಿಸಲಿಲ್ಲ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು, ಮೇಲಿನದು ಮೈಸೂರು ಸಂಸ್ಥಾನ. ಅಂದರೆ ಮುತ್ತಜ್ಜ ಘಟ್ಟದ ಜೊತೆಗೆ ಒಂದು ಆಡಳಿತವನ್ನೂ ದಾಟಿದ. ಅಲ್ಲಿನ ಕಾಗದಗಳ ನಮೂನೆಯೇ ಬೇರೆ. ಜಮೀನಿಲ್ಲದ ಮನೆಯ ಎರಡನೇ ಮಗನ ಹೆಸರು ಅವುಗಳಲ್ಲಿ ಬರಲು ಕಾರಣವೂ ಇಲ್ಲ. ಹೆಸರು ಕೂಡ ಬದಲಾಗಿದೆ. ಕೆಳಗೆ ಕೊನೆಯಲ್ಲಿದ್ದ ‘ನಾಯ್ಕ’ ಮೇಲೆ ಬಂದಾಗ ಬಿದ್ದುಹೋಗಿ, ಮಗನ ಶಾಲೆಯ ದಾಖಲಾತಿ ಪುಸ್ತಕದ ಹೊತ್ತಿಗೆ ‘ಅಪ್ಪ’ ಸೇರಿಕೊಂಡಿದೆ. (ಆ ಪುಸ್ತಕದ ಹುಟ್ಟಿದ ತಾರೀಖು ನಂಬಬೇಡಿ, ಅದು ಮೇಷ್ಟ್ರು ಹಾಕಿದ್ದು.) ಬಳಿ (ಗೋತ್ರದಂಥ ಕುಲದ ಹೆಸರು) ಹಿಡಿದು ಮೂಲ ಹುಡುಕಿ ಎಂದು ಹಲವರು ಹೇಳಿದರು. ನಾವು ದೀವರು, ನಮ್ಮಲ್ಲಿ ಬಳಿ ತಾಯಿಯಿಂದ ಬರುವುದು. ಮುತ್ತಜ್ಜನ ಬಳಿ ಕೇಳುತ್ತ ಹೋದರೆ ಸಿಗುವುದು ಅವನ ಅವ್ವನ ಕಡೆಯವರು. ಹಾಗೆ ಭಟ್ಕಳದ ಹತ್ತಿರ ಒಂದು ಮನೆ ಸಿಕ್ಕಿತು. ಅವರಿಗೆ ನೆನಪಿದ್ದದ್ದು “ಒಬ್ಬ ಮೇಲೆ ಹೋದ” ಎಂಬಷ್ಟೇ.

ಕೊನೆಯ ಸ್ಥಳಾಂತರಕ್ಕೆ ಸಾಕ್ಷಿಗಳು ಇನ್ನೂ ಇದ್ದಾರೆ, ಹಾಗಾಗಿ ಅದು ಸುಲಭ. “ಕೊಟ್ಟಿಗೆ ಕಂಬನೂ ಬಿಡ್ದೆ ಹೇರ್ಕಂಡು ಬಂದ್ವು. ಅಜ್ಜ ಮುಂದೆ ಡ್ರೈವರ್ ಪಕ್ಕ ಕೂತಿದ್ದ, ಇಳಿಯೋಕೇ ಒಪ್ಲಿಲ್ಲ, ಇದು ಊರಲ್ಲ ಕಾಡು ಅಂದ,” ಎಂದಳು ದೊಡ್ಡತ್ತೆ. ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಅಜ್ಜನ ಹೆಸರಿಗೆ ಇದೆ, ಎಪ್ಪತ್ತು ದಾಟಿದ್ದ ಮುತ್ತಜ್ಜನ ಹೆಸರು ಅದರಲ್ಲಿಲ್ಲ. ಗೇಣಿ ಮಾಡಿದ ಗದ್ದೆ ಮುಳುಗಿದ್ದಕ್ಕೆ ಪರಿಹಾರ ಹೋದದ್ದು ಖಾತೆದಾರರಿಗೆ ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ. ಚೀಟಿಯ ಸರ್ವೆ ನಂಬರ್ ಅರಣ್ಯದ್ದು. ಕಂದಾಯದವರು ಕೊಟ್ಟ ಜಮೀನು ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆಯೂ ಬೇಕಾಯಿತು. ನಮ್ಮಂಥ ಎಷ್ಟೋ ಮುಳುಗಡೆ ಕುಟುಂಬಗಳದ್ದು ಇದೇ ಪಾಡು.

ಹೀಗಾಗಿ ಮನೆತನದ ಚರಿತ್ರೆಗೆಂದು ಕೂಡಿಸಿದ ಕಾಗದಗಳು ಈಗ ಬೇರೆ ಕೆಲಸಕ್ಕೆ ಬಂದಿವೆ. ಹಕ್ಕುಪತ್ರದ ಅರ್ಜಿಯ ಜೊತೆ ಕುಟುಂಬ ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಕೇಳಿದಾಗ ಅಣ್ಣ ನನ್ನ ಫೈಲು ತೆಗೆದುಕೊಂಡು ಹೋಗಿ ಸಾಗುವಳಿ ಚೀಟಿಯ ನಕಲು, ಚಿಕ್ಕಜ್ಜನ ಹೇಳಿಕೆ, ಪೆನ್ಸಿಲು ಎಳೆದ ನಕಾಶೆ ಎಲ್ಲವನ್ನೂ ಲಗತ್ತಿಸಿದ. ದುರ್ಮತಿ ಸಂವತ್ಸರದ ಹಾಳೆಯನ್ನು ಮಾತ್ರ ಫೈಲಿನಲ್ಲೇ ಬಿಟ್ಟಿದ್ದ. ಅದನ್ನೂ ಸೇರಿಸು ಎಂದೆ, ಸೇರಿಸಿದ. ಅರ್ಜಿ ಇನ್ನೂ ವಿಲೇವಾರಿಯಾಗಿಲ್ಲ.