ಮೊದಲ ಭೇಟಿಗೆ ಫಾರಂ ಒಯ್ಯಬೇಡಿ

ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್, ಸಲೀನಾಸ್ ಕಡೆ ಸ್ಟ್ರಾಬೆರಿ ಹೊಲದಲ್ಲಿ ದುಡಿಯುವವರ ಪುಟ್ಟ ಮಕ್ಕಳಿಗೆ ಕಲಿಸುವವರು ಮೊದಲು ತಿಳಿಯಬೇಕಾದ ಸ್ಪ್ಯಾನಿಷ್ ಪದ ‘ಎದುಕಾಸಿಯೋನ್’. ನಿಘಂಟು ಅದಕ್ಕೆ ಶಿಕ್ಷಣ ಎನ್ನುತ್ತದೆ. ಮನೆಯಲ್ಲಿ ಮಾತ್ರ ‘ಬಿಯೆನ್ ಎದುಕಾದೊ’ ಎಂದರೆ ಓದಿದವನಲ್ಲ, ಸಂಸ್ಕಾರವಂತ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ನಿಮ್ಮ ಮಗನಿಗೆ ಹನ್ನೆರಡು ಅಕ್ಷರ ಬರುತ್ತೆ’ ಎಂದು ಟೀಚರ್ ಶುರು ಮಾಡಿದರೆ ತಾಯಿ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಅವರು ತಿಳಿಯಲು ಬಂದದ್ದು ಮಗ ಹೇಗೆ ನಡೆದುಕೊಳ್ಳುತ್ತಾನೆ, ಯಾರ ಜೊತೆ ಆಡುತ್ತಾನೆ ಎಂದು. ಅದನ್ನು ಮೊದಲು ಹೇಳಿ, ಅಕ್ಷರ ಆಮೇಲೆ ಬರಲಿ.

ಲ್ಯಾಟಿನ್ ಅಮೆರಿಕ ಮೂಲದ ಇಂಥ ಕುಟುಂಬಗಳನ್ನು ಲತೀನೆ ಎನ್ನುವುದುಂಟು. ಅದು ಲತೀನೊ (ಗಂಡು), ಲತೀನಾ (ಹೆಣ್ಣು) ಎರಡನ್ನೂ ಒಳಗೊಳ್ಳುವ ಪದ. ಹೆಚ್ಚಿನ ಮನೆಗಳಲ್ಲಿ ತಮ್ಮನ್ನು ಮೆಕ್ಸಿಕೊದವರು, ಸಾಲ್ವದೋರಿನವರು, ಓವಾಹಾಕದವರು (ಮೆಕ್ಸಿಕೊದ ಒಂದು ರಾಜ್ಯ) ಎಂದೇ ಕರೆದುಕೊಳ್ಳುತ್ತಾರೆ. ಅವರ ಬಾಯಲ್ಲಿ ಬಂದ ಹೆಸರನ್ನೇ ನೀವೂ ಬಳಸಿ.

ಕಡಿಮೆ ಆದಾಯದ ಮನೆಗಳ ಪುಟ್ಟ ಮಕ್ಕಳಿಗಾಗಿ ಅಮೆರಿಕ ಸರ್ಕಾರದ ನೆರವಿನಿಂದ ನಡೆಯುವ ಹೆಡ್ ಸ್ಟಾರ್ಟ್ ಕೇಂದ್ರಗಳಲ್ಲಿ ಟೀಚರ್ ವರ್ಷಕ್ಕೆ ಕನಿಷ್ಠ 2 ಸಲ ಮನೆಗೆ ಹೋಗಬೇಕು, 2 ಸಲ ಪಾಲಕರ ಜೊತೆ ಕೂತು ಮಾತಾಡಬೇಕು. ಸಾಧ್ಯವಾದರೆ ಮೊದಲ ಭೇಟಿ ತರಗತಿ ಶುರುವಾಗುವ ಮುಂಚೆಯೇ ಆಗಬೇಕು. ಈ ಭೇಟಿಗೆ ಟೀಚರ್ ಫಾರಂಗಳ ಕಟ್ಟು ಹಿಡಿದು ಹೋಗುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ಅರಿಜೋನಾದ ಟೂಸಾನ್‌ನಲ್ಲಿ ಸಂಶೋಧಕರಾದ ಲೂಯಿಸ್ ಮೋಲ್, ನೋರ್ಮಾ ಗೊನ್ಸಾಲೆಸ್ ಮತ್ತು ಜೊತೆಗಾರರು ಟೀಚರುಗಳನ್ನು ಕಲಿಯುವವರಾಗಿ ಮನೆಮನೆಗೆ ಕಳಿಸಿದರು. 1992ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಬೇಸಾಯ, ಗಾರೆ ಕೆಲಸ, ವ್ಯಾಪಾರ, ಮನೆಮದ್ದು ಹೀಗೆ ಪ್ರತಿ ಮನೆಯಲ್ಲೂ ತರಗತಿಗೆ ಬರಬಹುದಾದ ತಿಳಿವಳಿಕೆ ಇದೆ ಎಂಬುದು ಅದರ ತಿರುಳು. ಇಲ್ಲಿ ಹೇಳುವ ಕ್ರಮದ ಬೇರು ಅಲ್ಲಿದೆ.

ಭೇಟಿ ಗೊತ್ತುಮಾಡಲು ಚೀಟಿ ಕಳಿಸಬೇಡಿ, ಫೋನ್ ಮಾಡಿ. ಮೊದಲ ವಾಕ್ಯದಲ್ಲೇ ‘ಮಗುವಿನ ಮೇಲೆ ದೂರೇನಿಲ್ಲ’ ಎಂದುಬಿಡಿ. ಶಾಲೆ, ಆಸ್ಪತ್ರೆ, ಚರ್ಚುಗಳ ಬಳಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಮಿತಿ ಹಾಕಿದ್ದ ನೀತಿಯನ್ನು 2025ರ ಜನವರಿಯಲ್ಲಿ ಹಿಂತೆಗೆದ ಮೇಲೆ ಬಾಗಿಲು ಬಡಿದರೆ ಮನೆಯವರ ಎದೆ ನಡುಗುತ್ತದೆ. ಹಾಗಾಗಿ ಬರುವವರ ಹೆಸರು, ಕಾರಿನ ಬಣ್ಣ, ನಿಖರ ಸಮಯ ಮೊದಲೇ ತಿಳಿಸಿ. ಮನೆ ಬೇಡವೆಂದರೆ ಪಾರ್ಕ್ ಅಥವಾ ಲೈಬ್ರರಿ ಆದೀತು. ವಲಸೆ ಕಾಗದಪತ್ರದ ಮಾತು ಎತ್ತಲೇಬೇಡಿ. ಅವರಾಗಿಯೇ ಹೇಳಿಕೊಂಡರೂ ಎಲ್ಲಿಯೂ ಬರೆದಿಡಬೇಡಿ.

ವೇಳೆ ಸಂಜೆ 5ರ ಮೇಲೆ ಅಥವಾ ಭಾನುವಾರ ಮಧ್ಯಾಹ್ನ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹಣ್ಣು ಕೀಳುವ ಸುಗ್ಗಿಯಲ್ಲಿ ಬೆಳಕು ಹರಿಯುವ ಮುಂಚೆ ಮನೆ ಬಿಡುತ್ತಾರೆ. ಬಹಳಷ್ಟು ಕಡೆ ಕೂಲಿ ಪೆಟ್ಟಿಗೆ ಲೆಕ್ಕದಲ್ಲಿ ಸಿಗುತ್ತದೆ, ಒಂದು ಗಂಟೆ ಬಿಟ್ಟು ಬಂದರೆ ಅಷ್ಟು ದುಡ್ಡು ಹೋಯಿತು. ಬೆಳಗ್ಗೆ 8ಕ್ಕೆ ಸಭೆ ಕರೆದು ‘ಇವರಿಗೆ ಆಸಕ್ತಿಯಿಲ್ಲ’ ಎನ್ನುವುದು ಅನ್ಯಾಯ.

ಕೊಟ್ಟದ್ದನ್ನು ಕುಡಿಯಿರಿ, ತಿನ್ನಿರಿ. ಬೇಡವೆಂದರೆ ನೋವಾಗುತ್ತದೆ. ಪುಸ್ತಕ ತೆರೆದು ಬರೆದುಕೊಳ್ಳಬೇಡಿ, ಹೊರಬಂದು ಕಾರಿನಲ್ಲಿ 10 ನಿಮಿಷ ಬರೆಯಿರಿ. ಕೇಳಬೇಕಾದದ್ದು ಸ್ವಲ್ಪವೇ: ಮಗುವನ್ನು ಮಲಗಿಸುವವರು ಯಾರು, ಮನೆಯಲ್ಲಿ ಅದು ಯಾವ ಕೆಲಸಕ್ಕೆ ಕೈ ಹಾಕುತ್ತದೆ, ಈ ವಯಸ್ಸಿನಲ್ಲಿ ನಿಮಗೆ ನಿಮ್ಮ ತಾಯಿ ಏನು ಕಲಿಸಿದ್ದರು, ಹಸಿವು, ನೋವು, ಮೂತ್ರಕ್ಕೆ ಮಗು ಬಳಸುವ ಮಾತು ಯಾವುದು. ಈ ಕೊನೆಯ ಪ್ರಶ್ನೆಯೊಂದೇ ಮೊದಲ ವಾರದ ಅರ್ಧ ಅಳುವನ್ನು ತಪ್ಪಿಸುತ್ತದೆ.

‘ಹೌದು, ಮಾಯೆಸ್ತ್ರಾ (ಟೀಚರ್)’ ಎಂಬ ಉತ್ತರ ಹಲವು ಸಲ ಒಪ್ಪಿಗೆಯಲ್ಲ, ಗೌರವ. ಟೀಚರಿಗೆ ಎದುರು ಹೇಳಬಾರದೆಂಬ ಭಾವ ಅದು. ಆದ್ದರಿಂದ ಹೌದು–ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಬೇಡ. ‘ಮನೆಯಲ್ಲಿ ಇದನ್ನು ಹೇಗೆ ಮಾಡ್ತೀರಿ?’ ಎಂದು ಕೇಳಿ. ಹಿರಿಯರಿಗೆ ‘ಊಸ್ತೆದ್’ ಬಳಸಿ, ‘ತೂ’ ಬೇಡ. ನಮ್ಮ ನೀವು–ನೀನು ವ್ಯತ್ಯಾಸವೇ ಅದು. ಅನುವಾದದ ಆ್ಯಪ್ ಇಂಗ್ಲಿಷಿನಿಂದ ತಿರುಗಿಸುವಾಗ ಇಲ್ಲೇ ಎಡವುತ್ತದೆ.

ಮಗುವಿನ ಮುಂಗೈಯಲ್ಲಿ ಕೆಂಪು ದಾರವೋ ಕಪ್ಪು ಮಣಿಯೋ ಇದ್ದರೆ ಅದು ಕೆಟ್ಟ ಕಣ್ಣು ಬೀಳದಿರಲೆಂದು, ನಮ್ಮ ದೃಷ್ಟಿಬೊಟ್ಟಿನಂತೆ. ಮಣಿ ಗಂಟಲಿಗೆ ಸಿಕ್ಕೀತೆಂದು ಟೀಚರ್ ಕತ್ತರಿಸಿದರೆ ಬೆಳೆದ ನಂಬಿಕೆಯೂ ಆ ದಾರದೊಂದಿಗೇ ಹೋಗುತ್ತದೆ. ಅಪಾಯ ಹೇಳಿ, ಎಲ್ಲಿ ಹೇಗೆ ಕಟ್ಟೋಣ ಎಂದು ತಾಯಿಯನ್ನೇ ಕೇಳಿ.

ಫಾರಂನಲ್ಲಿ ‘ಸ್ಪ್ಯಾನಿಷ್’ ಎಂದಿದ್ದರೂ ಮನೆಮಾತು ಮೆಕ್ಸಿಕೊದ ಮೂಲನಿವಾಸಿಗಳ ಭಾಷೆಯಾದ ಮಿಸ್ತೇಕೊ ಇರಬಹುದು. ‘ಅಜ್ಜಿ ಯಾವ ಮಾತು ಆಡ್ತಾರೆ?’ ಎಂದರೆ ನಿಜ ತಿಳಿಯುತ್ತದೆ. ಮಿಸ್ತೇಕೊ ಊರಿಂದ ಊರಿಗೆ ಎಷ್ಟು ಬದಲಾಗುತ್ತದೆಂದರೆ ದುಭಾಷಿಯನ್ನು ಗೊತ್ತುಮಾಡುವಾಗ ಊರಿನ ಹೆಸರೂ ಬೇಕು. ಅದನ್ನು ಓದಿ ಬರೆಯುವ ರೂಢಿ ಕಡಿಮೆ, ಮುದ್ರಿಸಿದ ಕಾಗದಕ್ಕಿಂತ ಧ್ವನಿ ಸಂದೇಶ ಮೇಲು. ದುಭಾಷಿಯಾಗಿ ಅಕ್ಕನನ್ನೋ ಅಣ್ಣನನ್ನೋ ಕೂರಿಸಬೇಡಿ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ, ತಾಯಿಯ ಮುಖ ನೋಡಿ ಮಾತಾಡಿ, ಸಮಯ ಎರಡರಷ್ಟು ಇಟ್ಟುಕೊಳ್ಳಿ.

ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೆಯದು, ಆದರೆ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಮೊದಲ ಭೇಟಿಯಲ್ಲೇ ಅವರ ಫೋನಿನಲ್ಲಿ ಉಳಿಸಿ ಬನ್ನಿ.

ಕಂಡು ಬಂದದ್ದರಲ್ಲಿ ಒಂದಾದರೂ ಎರಡು ವಾರದೊಳಗೆ ತರಗತಿಗೆ ಬರಬೇಕು. ‘ಸ್ವಯಂಸೇವಕರಾಗಿ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ಮಳೆಗೆ ಹೊಲದ ಕೆಲಸ ನಿಂತ ದಿನ ನೋಡಿ, ‘ಆರು ಮಕ್ಕಳಿಗೆ 20 ನಿಮಿಷ ತೋರ್ತಿಯಾ ತಟ್ಟೋದು ತೋರಿಸ್ತೀರಾ?’ ಎಂದರೆ ಬರುತ್ತಾರೆ. ತೋರ್ತಿಯಾ ಎಂದರೆ ಅವರ ಮೆಕ್ಕೆಜೋಳದ ರೊಟ್ಟಿ. 2 ಕಪ್ ಮಾಸಾ ಹರೀನಾಗೆ ಒಂದೂವರೆ ಕಪ್ ಬೆಚ್ಚಗಿನ ನೀರು, ಅರ್ಧ ಟೀಚಮಚ ಉಪ್ಪು. ಸುಮಾರು 16 ಸಣ್ಣ ತೋರ್ತಿಯಾ. ಮಾಸಾ ಹರೀನಾ ಎಂದರೆ ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು. ಮಾಮೂಲಿ ಮೆಕ್ಕೆಜೋಳದ ಹಿಟ್ಟು ತಂದಿಟ್ಟರೆ ಉಂಡೆ ಒಡೆದು ಅವರ ಕೈಚಳಕಕ್ಕೆ ಎಲ್ಲರೆದುರು ಅವಮಾನವಾಗುತ್ತದೆ. ಅಂಚು ಬಿರಿದರೆ ಒಂದು ಚಮಚ ನೀರು, ಪ್ಲಾಸ್ಟಿಕ್ ಹಾಳೆಗೆ ಅಂಟಿದರೆ ಒಂದು ಚಿಟಿಕೆ ಹಿಟ್ಟು. ಕಾವಲಿ ದೊಡ್ಡವರ ಬಳಿಯೇ ಇರಲಿ. ಆ ತಾಯಿ ತಮ್ಮ ಮಾತಿನಲ್ಲೇ ಎಣಿಸಲಿ, ನೀವು ಮಕ್ಕಳ ಜೊತೆ ಕೂತು ಎಣಿಸಿ.

‘ಮನೆಯಲ್ಲೂ ಇಂಗ್ಲಿಷ್ ಮಾತಾಡಿ’ ಎಂಬ ಸಲಹೆ ಮಗುವನ್ನು ಅಜ್ಜಿಯಿಂದ ದೂರ ಮಾಡುತ್ತದೆ. ಮಗುವಿನ ಮಾತು, ಕಲಿಕೆಯನ್ನು ಅಳೆಯುವಾಗಲೂ ಎರಡೂ ಭಾಷೆಯಲ್ಲಿ ಅಳೆಯಿರಿ. ಇಂಗ್ಲಿಷ್ ಒಂದರಲ್ಲೇ ನೋಡಿದರೆ ಚೆನ್ನಾಗಿ ಮಾತಾಡುವ ಮಗುವಿಗೂ ‘ಮಾತು ತಡ’ ಎಂಬ ಪಟ್ಟಿ ಅಂಟುತ್ತದೆ. ಎರಡು ಮನೆತನದ ಹೆಸರಿದ್ದರೆ ಸಾಮಾನ್ಯವಾಗಿ ಮೊದಲಿನದು ತಂದೆಯದು. ‘ಗಾರ್ಸಿಯಾ ಲೋಪೆಸ್’ ಕಡತ ಗಾರ್ಸಿಯಾದಲ್ಲಿರಬೇಕು, ಲೋಪೆಸ್‌ನಲ್ಲಿ ಸೇರಿಸಿದರೆ ಬೇಕೆಂದಾಗ ಸಿಗುವುದಿಲ್ಲ.

ಎರಡನೇ ಭೇಟಿ ಕುಟುಂಬ ಬೇರೆ ಬೆಳೆಯ ಊರಿಗೆ ಹೊರಡುವ ಮುನ್ನ ಆಗಲಿ. ಲಸಿಕೆ ಪಟ್ಟಿ, ಎರಡೂ ಭಾಷೆಯ ಮೌಲ್ಯಮಾಪನ, ಮಗುವಿನ ನಾಲ್ಕಾರು ಚಿತ್ರ, ಆ ಹಸಿವು–ನೋವಿನ ಪದಗಳ ಚೀಟಿ, ಇವನ್ನೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೇ ಕೊಡಿ. ಹೊಸ ಊರಿನ ಟೀಚರ್ ಮೊದಲ ದಿನವೇ ಅದನ್ನು ತೆರೆಯಬಹುದು.